ಪದಚರ್ಚೆ: ‘ಡೋಪ್ಡ್ ಫೈಬರ್’ಗೆ ಏನೆನ್ನೋಣ? (ತುರ್ತು, ಸಂಜೆಯೊಳಗೆ ಬೇಕು)

ಪುಣೆ, ಭೋಸರಿಯಿಂದ

ಬಲ್ಲವರು ಬೇಗ ಹೇಳಿ. ಇಲ್ಲಿನ ತಗಡು ಕತ್ತರಿಸುವ ಕಾರ್ಖಾನೆಯೊಂದಕ್ಕೆ ಫೈಬರ್ ಲೇಸರ್ ಯಂತ್ರ ಬಂದಿದೆ. ಆಪರೇಟರುಗಳಲ್ಲಿ ಅರ್ಧಕ್ಕರ್ಧ ಇಂಡಿ, ಸಿಂದಗಿ, ಅಫಜಲಪುರದ ಹುಡುಗರು. ಮರಾಠಿ, ಹಿಂದಿ ಫಲಕಗಳು ಆಗಿವೆ. ಕನ್ನಡದ ಫಲಕ ಮತ್ತು ಒಂದು ಸಣ್ಣ ತರಬೇತಿ ಕೈಪಿಡಿ ನನ್ನ ಪಾಲಿಗೆ ಬಂದಿವೆ. ಫ್ಲೆಕ್ಸ್ ಅಂಗಡಿಯವನು ಸಂಜೆ ಆರಕ್ಕೆ ಫೈಲ್ ಕೇಳಿದ್ದಾನೆ.

ಸಿಕ್ಕಿಹಾಕಿಕೊಂಡ ವಾಕ್ಯ: ‘ಈ ಯಂತ್ರದ ಬೆಳಕು ಹುಟ್ಟುವುದು ಯಟರ್ಬಿಯಂ ಡೋಪ್ ಮಾಡಿದ ಗಾಜಿನ ಫೈಬರಿನಲ್ಲಿ.’ ಡೋಪ್ ಮಾಡುವುದೆಂದರೆ ಗಾಜಿಗೆ ಬೇಕೆಂದೇ ಚೂರೇ ಚೂರು ಬೇರೆ ಧಾತು ಸೇರಿಸುವುದು, ಇಲ್ಲಿ ಯಟರ್ಬಿಯಂ ಎಂಬ ಲೋಹ. ಹಿಂದಿಯವರು ‘ಅಪಮಿಶ್ರಿತ’ ಎಂದು ಮುಗಿಸಿದ್ದಾರೆ. ನಾನು ‘ಕಲಬೆರಕೆ’ ಎಂದರೆ ಮಾಲು ನಕಲಿ ಎಂದುಕೊಳ್ಳುತ್ತಾರೆ. ‘ಮಾದಕ’ ಅಂತೂ ಬೇಡವೇ ಬೇಡ.

ಮಾಟುಂಗದಿಂದ

‘ಮಿಶ್ರಿತ ದ್ಯುತಿತಂತು.’ ಇದರಲ್ಲಿ ಚರ್ಚೆಗೆ ಏನಿದೆ? ಈ ಮೇಲ್‌ಪಟ್ಟಿಗೆ ಬರೆಯುವ ಮೊದಲು ಪದಕೋಶ ತೆರೆಯುವ ಅಭ್ಯಾಸ ಯಾರಿಗೂ ಉಳಿದಿಲ್ಲ.

ಅಣುಶಕ್ತಿನಗರದಿಂದ

ಮಿಶ್ರಿತ ಅಲ್ಲ. ಮಿಶ್ರಣವೆಂದರೆ ಇದಿಷ್ಟು ಅದಿಷ್ಟು ಕಲಸುವುದು. ಇಲ್ಲಿ ಗಾಜು ಗಾಜಾಗಿಯೇ ಇರುತ್ತದೆ. ಇಂಥದೇ ಇನ್ನೊಂದು ಧಾತು ಎರ್ಬಿಯಂ ಆದರೆ ಹತ್ತು ಲಕ್ಷ ಭಾಗಕ್ಕೆ ಕೆಲವು ನೂರು ಭಾಗ, ಯಟರ್ಬಿಯಂ ಆದರೆ ಕೆಲವು ಸಾವಿರ. ಅಷ್ಟರಲ್ಲೇ ಎಲ್ಲ ಕೆಲಸ. ಕೈಪಿಡಿ ಬರೆಯುವವರು ತಯಾರಿಕೆಯನ್ನು ತಿಳಿದರೆ ಪದ ತಾನೇ ಸಿಗುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಶುದ್ಧ ಸಿಲಿಕಾ ಕೊಳವೆ ತೆಗೆದುಕೊಳ್ಳುತ್ತಾರೆ. ಅದು ತಿರುಗುತ್ತಿರುವಾಗ ಒಳಗೆ ಸಿಲಿಕಾನ್ ಟೆಟ್ರಾಕ್ಲೋರೈಡಿನ ಆವಿ ಮತ್ತು ಆಮ್ಲಜನಕ ಹರಿಯುತ್ತವೆ, ಹೊರಗೆ ಬರ್ನರ್ ಅತ್ತಿತ್ತ ಓಡಾಡುತ್ತದೆ. ಒಳಗೋಡೆಗೆ ಗಾಜಿನ ಪದರ ಕೂರುತ್ತದೆ. ಬೆಲ್ ಲ್ಯಾಬ್ಸ್‌ನವರು 1974ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಎಂಸಿವಿಡಿ (ಮಾಡಿಫೈಡ್ ಕೆಮಿಕಲ್ ವೇಪರ್ ಡಿಪಾಸಿಷನ್) ಎನ್ನುತ್ತಾರೆ. ಯಟರ್ಬಿಯಂ, ಎರ್ಬಿಯಂನಂಥ ವಿರಳ ಭಸ್ಮ ಧಾತುಗಳ ತೊಡಕು ಏನೆಂದರೆ ಅವುಗಳ ಕ್ಲೋರೈಡುಗಳು ಸುಲಭವಾಗಿ ಆವಿಯಾಗುವುದಿಲ್ಲ. 1987ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಇದಕ್ಕೊಂದು ಸರಳ ದಾರಿ ತೋರಿಸಿದರು. ನಡುಪದರವನ್ನು ಪೂರ್ತಿ ಕರಗಿಸದೆ ರಂಧ್ರ ರಂಧ್ರವಾದ ಮಸಿಯ ಹಾಗೆ ಬಿಡುವುದು, ಎರ್ಬಿಯಂ ಕ್ಲೋರೈಡಿನ ದ್ರಾವಣದಲ್ಲಿ ನೆನೆಹಾಕುವುದು, ಬಸಿದು ಒಣಗಿಸುವುದು, ಕ್ಲೋರಿನ್ ಹಾಯಿಸಿ ನೀರಿನಂಶ ಓಡಿಸುವುದು, ಆಮೇಲೆ ಕಾಯಿಸಿ ಗಾಜು ಮಾಡುವುದು. ಕೊನೆಗೆ 2000 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕೊಳವೆಯನ್ನೇ ಕುಗ್ಗಿಸಿ ಗಟ್ಟಿ ಸಲಾಕೆ ಮಾಡುತ್ತಾರೆ. ಅದನ್ನು ಎತ್ತರದ ಗೋಪುರದ ಕುಲುಮೆಯಲ್ಲಿ ಎಳೆದರೆ ಫೈಬರ್.

ಇನ್ನು ದಕ್ಷತೆ. ಒಳಗೆ ಸೇರಿದ ಧಾತುವಿನ ಅಯಾನುಗಳು (ವಿದ್ಯುದಾವೇಶವುಳ್ಳ ಪರಮಾಣುಗಳು) ಗುಂಪುಗೂಡಿದರೆ ಪಕ್ಕದಲ್ಲಿರುವುದರ ಶಕ್ತಿಯನ್ನು ತಾವೇ ಕಸಿದುಕೊಂಡು ಲೇಸರನ್ನು ಸೊರಗಿಸುತ್ತವೆ. ಆದ್ದರಿಂದ ಜೊತೆಗೆ ಅಲ್ಯೂಮಿನಿಯಂ ಹಾಕುತ್ತಾರೆ, ಅದು ಅವುಗಳನ್ನು ದೂರ ದೂರ ಕೂರಿಸುತ್ತದೆ. ಯಟರ್ಬಿಯಂ ಫೈಬರ್ ವರ್ಷಗಟ್ಟಲೆ ಉರಿದಾಗ ಗಾಜೇ ಕಪ್ಪಾಗುವ ಕಾಟವಿದೆ. ಅದನ್ನು ರಂಜಕ ಅಥವಾ ಸೀರಿಯಂ ಸೇರಿಸಿ ತಗ್ಗಿಸುತ್ತಾರೆ. ತಗಡು ಕತ್ತರಿಸಲು ಯಟರ್ಬಿಯಮ್ಮೇ ಯಾಕೆ? 976 ನ್ಯಾನೋಮೀಟರ್ ತರಂಗಾಂತರದ ಬೆಳಕು ಕೊಟ್ಟರೆ ಸುಮಾರು 1070ರಲ್ಲಿ ವಾಪಸು ಕೊಡುತ್ತದೆ. ಪ್ರತಿ ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿಯಲ್ಲಿ ಶೇ. 9ರಷ್ಟು ಮಾತ್ರ ಶಾಖಕ್ಕೆ ಹೋಗುತ್ತದೆ. ಹಳೆಯ ನಿಯೋಡೈಮಿಯಂ ಲೇಸರಿನಲ್ಲಿ 808 ಕೊಟ್ಟು 1064 ಪಡೆಯುವಾಗ ಶೇ. 24 ಹೋಗುತ್ತಿತ್ತು.

ಬೇಕಾಗಿರುವ ಪದದಲ್ಲಿ ‘ಬೇಕೆಂದೇ, ಅಳೆದು, ಒಳಕ್ಕೆ ಇಳಿಸಿದ್ದು’ ಎಂಬ ಅರ್ಥವಿರಲಿ.

ಮಡಗಾಂವಿನಿಂದ

ಆಹಾ, ಪದ ಇದ್ದೇ ಇದೆಯಲ್ಲ! ಚೂರ್ಣವನ್ನು ರಸದಲ್ಲಿ ನೆನೆಸಿ, ಅರೆದು, ಒಣಗಿಸಿ, ಗುಣ ಏರಿಸುವ ಕ್ರಿಯೆಗೆ ಆಯುರ್ವೇದದಲ್ಲಿ ‘ಭಾವನೆ’ ಎನ್ನುತ್ತಾರೆ. ಹಾಗೆ ಮಾಡಿದ್ದು ‘ಭಾವಿತ’. ಸೌತಾಂಪ್ಟನ್ನಿನವರು ಮಾಡಿದ್ದು ಭಾವನೆಯಲ್ಲದೆ ಮತ್ತೇನು? ‘ಯಟರ್ಬಿಯಂ-ಭಾವಿತ ತಂತು’ ಎನ್ನಿ. ಇಂಗ್ಲಿಷಿನ ‘ಡೋಪ್’ ಕೂಡ ಡಚ್ಚರ ‘ಡೋಪ್’ನಿಂದ ಬಂದದ್ದು, ಅದ್ದಿಕೊಳ್ಳುವ ಸಾರು ಎಂದು ಅರ್ಥ. ಮೂಲದಲ್ಲಿ ಅಮಲೂ ಇಲ್ಲ, ಕಲಬೆರಕೆಯೂ ಇಲ್ಲ. ಈ ಎಳೆ ಹಿಡಿದು ಇನ್ನಷ್ಟು ಬರೆಯಬೇಕೆಂದಿದ್ದೇನೆ.

ಡೊಂಬಿವಲಿಯಿಂದ

ಬರೆಯಬೇಡಿ. ಬಾವನೆ ಅಂದರೆ ಆ ಹುಡುಗರಿಗೆ ಸಿನಿಮಾ ನೆನಪಾಗುತ್ತೆ. ಕನ್ನಡದ್ದೇ ಪದ ಇದೆ: ‘ಊಡು’. ಹಾಲೂಡು, ನೀರೂಡು ಗೊತ್ತಲ್ಲ? ‘ಯಟರ್ಬಿಯಂ ಊಡಿದ ಗಾಜಿನೆಳೆ’. ಹಾಕುವ ಸರಕು ‘ಊಡಿಕೆ’. ಕುಲುಮೆಯಲ್ಲಿ ಎಳೆದದ್ದು ಎಳೆ, ಬಾಶೆಯೇ ಅರ‍್ತ ಹೇಳುತ್ತಿದೆ. ತಂತು-ಗಿಂತು ಬೇಡ.

ಮಾಟುಂಗದಿಂದ

ಎಳೆದದ್ದಕ್ಕೆ ಎಳೆಯಂತೆ. ಪದದ ಮೂಲ ನೋಡದೆ ವ್ಯುತ್ಪತ್ತಿ ಹೇಳುವ ಈ ರೋಗಕ್ಕೆ ಮದ್ದಿಲ್ಲ. ‘ಬಾಶೆ’, ‘ಅರ‍್ತ’ ಎಂದು ಬರೆಯುವವರಿಂದ ಪದ ಕಲಿಯಬೇಕೆ? ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡವೆಂದು ಒಂದು ವಾದ ಮಂಡಿಸಿದರು, ನೀವು ಅದನ್ನೇ ಧರ್ಮ ಮಾಡಿಕೊಂಡಿರಿ. ಸಂಸ್ಕೃತ ಬೇಡವೆಂದವರು ಯಟರ್ಬಿಯಂ ಅನ್ನು ಬಿಟ್ಟಿರೇಕೆ? ಅದು ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯ ಹೆಸರು. ಎರ್ಬಿಯಮ್ಮೂ ಅದೇ ಹಳ್ಳಿಯದು.

ಡೊಂಬಿವಲಿಯಿಂದ

ಊರ ಹೆಸರನ್ನು ಯಾರೂ ಕನ್ನಡಿಸುವುದಿಲ್ಲ. ಮಾಟುಂಗ ಮಾಟುಂಗವೇ. ನನ್ನ ತಕರಾರು ಎರವಲಿನ ಮೇಲಲ್ಲ, ಒಂದೇ ಮನೆಯಿಂದ ಎರವಲು ತರುವ ಚಟದ ಮೇಲೆ.

ಮಡಗಾಂವಿನಿಂದ

ನಾವು ಗೋವಾದವರು ಪಗಾರ ತಂದು ಬಟಾಟೆ ಕೊಳ್ಳುವಾಗ ಎರಡೂ ಪೋರ್ಚುಗೀಸರದೆಂದು ಯೋಚಿಸುವುದಿಲ್ಲ. ಫೈಬರ್ ಎಂಬುದನ್ನು ಹಾಗೇ ಬಿಟ್ಟರೆ ಆಕಾಶ ಬೀಳದು. ಆದರೆ ‘ಭಾವಿತ’ವನ್ನು ನಾನು ಬಿಡಲಾರೆ.

ಹಡಪಸರದಿಂದ

ನಾ ಇಂಡಿ ಕಡಿಯಾಂವ. ಮುಂಜಾನಿಂದ ನೋಡಾಕತ್ತೀನಿ, ಫಲಕಾ ಓದಾವರು ಏನ ಅಂತಾರ ಅಂತ ಒಬ್ಬರೂ ಕೇಳಲಿಲ್ಲ. ಊಡೂದು ನಮ್ಮ ಹುಡುಗರಿಗೆ ತಿಳೀದು. ಹೊಲಕ್ಕ ನೀರ ಉಣಸತೀವಿ, ಗೊಬ್ಬರ ಉಣಸತೀವಿ. ‘ಯಟರ್ಬಿಯಂ ಉಣಿಸಿದ ಗಾಜಿನ ಫೈಬರ್’ ಅಂದ್ರ ಯಾಂವಗೂ ಬಿಡಿಸಿ ಹೇಳೂದು ಬ್ಯಾಡ. ಎಳಿ-ಗಿಳಿ ಬ್ಯಾಡ, ಮಷೀನ್ ಮ್ಯಾಗ ‘ಫೈಬರ್’ ಅಂತಲೇ ಬರದೈತಿ.

ಮಾಟುಂಗದಿಂದ

ಉಣ್ಣಲು ಗಾಜಿಗೆ ಬಾಯಿದೆಯೇ?

ಹಡಪಸರದಿಂದ

ಹೊಲಕ್ಕ ಐತೇನ್ರಿ?

ಅಣುಶಕ್ತಿನಗರದಿಂದ

‘ಉಣಿಸು’ ನನಗೆ ಒಪ್ಪಿಗೆ, ನೆನೆದು ಹೀರಿಕೊಂಡ ಅರ್ಥ ಅದರಲ್ಲಿದೆ. ಒಂದು ಆಕ್ಷೇಪ ಮಾತ್ರ. ಈಗ ಆವಿಯ ಮೂಲಕವೂ ಧಾತು ಸೇರಿಸುತ್ತಾರೆ, ಎಲ್ಲರೂ ದ್ರಾವಣದಲ್ಲಿ ನೆನೆಸುವುದಿಲ್ಲ. ಉಣಿಸು ಎರಡಕ್ಕೂ ಸಲ್ಲುತ್ತದೆ. ‘ಭಾವಿತ’ ನೆನೆಸಿದ್ದಕ್ಕೆ ಮಾತ್ರ ಸಲ್ಲುವುದರಿಂದ ಬಿದ್ದುಹೋಯಿತು, ಮಡಗಾಂವಿನವರು ಕ್ಷಮಿಸಬೇಕು. ನಮ್ಮ ದೇಶದಲ್ಲಿ ಇಂಥ ಫೈಬರ್ ತಯಾರಿಸುವ ಕೋಲ್ಕತಾದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯ ಹೆಸರನ್ನು ಕೈಪಿಡಿಯಲ್ಲಿ ಒಂದು ಸಾಲು ಹಾಕಿ. ಹುಡುಗರಿಗೆ ಇದೆಲ್ಲ ಪರದೇಶದ ಮಾಯೆ ಅನಿಸಬಾರದು.

ಡೊಂಬಿವಲಿಯಿಂದ

ಊಡು, ಉಣಿಸು ಎರಡೂ ಒಂದೇ ‘ಉಣ್’ನ ಮಕ್ಕಳು. ಗೆದ್ದದ್ದು ನಾನೇ.

ಮಾಟುಂಗದಿಂದ

‘ಯಟರ್ಬಿಯಂ ಉಣಿಸಿದ ಫೈಬರ್’ ಅರಿಸಮಾಸ (ಕನ್ನಡಕ್ಕೆ ಪರಭಾಷೆಯ ಪದ ಹೆಣೆದ ಸಲ್ಲದ ಸಮಾಸ) ಆಗುವುದಿಲ್ಲವೇ ಎಂದು ಯಾರೂ ಕೇಳದಿರುವುದೇ ಆಶ್ಚರ್ಯ. ‘ಉಣಿಸಿದ’ ಕೃದಂತವಾದ್ದರಿಂದ ಗಮಕಸಮಾಸ, ದೋಷವಿಲ್ಲ. ಆದರೆ ‘ಬೆಳಕುತಂತು’ ಎಂದು ಯಾರಾದರೂ ಬರೆದೀರಿ, ಜೋಕೆ.

ಪುಣೆ, ಭೋಸರಿಯಿಂದ

ಎಲ್ಲರಿಗೂ ನಮಸ್ಕಾರ. ಕೈಪಿಡಿಗೆ ‘ಉಣಿಸಿದ’ ಹಾಕಿದೆ, ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ‘ಡೋಪ್ ಮಾಡಿದ’ ಎಂದೂ ಇದೆ. ಫಲಕದಿಂದ ಆ ವಾಕ್ಯವನ್ನೇ ತೆಗೆದೆ, ಅಲ್ಲಿ ಅದರ ಕೆಲಸವಿಲ್ಲ. ಈಗ ಹೀಗಿದೆ: ‘ಎಚ್ಚರ! ಕಣ್ಣಿಗೆ ಕಾಣದ ಲೇಸರ್ ಕಿರಣ. ಬಾಗಿಲು ತೆಗೆದು ಯಂತ್ರ ನಡೆಸಬೇಡಿ. ರಕ್ಷಣಾ ಕನ್ನಡಕ ಹಾಕಿಕೊಳ್ಳಿ.’

ಅಣುಶಕ್ತಿನಗರದಿಂದ

‘ರಕ್ಷಣಾ ಕನ್ನಡಕ’ ಸಾಲದು. ವೆಲ್ಡಿಂಗಿನವರ ಕಪ್ಪು ಕನ್ನಡಕ ತೊಟ್ಟು ನಿಂತಾರು. ‘1070 ನ್ಯಾನೋಮೀಟರಿಗೆ ಎಂದು ಗುರುತಿರುವ ಲೇಸರ್ ಕನ್ನಡಕವನ್ನೇ’ ಎಂದು ಬರೆಯಿರಿ. ಈ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ದಾಟಿ ನೇರ ಅಕ್ಷಿಪಟಲದ ಮೇಲೆ ಕೂಡುತ್ತದೆ. ತಗಡಿಗೆ ಬಡಿದು ಚದುರಿದ ಕಿರಣವೂ ಸುಡಬಲ್ಲದು.

ಡೊಂಬಿವಲಿಯಿಂದ

ರಕ್ಷಣಾ ಯಾಕೆ? ‘ಕಾಪುಗನ್ನಡಕ’.

ಪುಣೆ, ಭೋಸರಿಯಿಂದ

1070 ಸೇರಿಸಿ ಫೈಲ್ ಕಳಿಸಿಯಾಯಿತು.