ಅಪ್‌ಡೇಟ್: .38 ಸ್ಪೆಷಲ್ ರೀಲೋಡಿಂಗ್‌ಗೆ ಕೊನೆಗೆ ತಗೊಂಡ ಸಲಕರಣೆ
ಇಲ್ಲಿ ಟೆಕ್ಸಾಸ್‌ನಲ್ಲಿ ಮನೆಯಲ್ಲೇ .38 ಸ್ಪೆಷಲ್ (ರಿವಾಲ್ವರ್ ಗುಂಡು) ರೀಲೋಡ್ ಮಾಡೋಕೆ, ಅಂದ್ರೆ ಹಾರಿಸಿದ ಖಾಲಿ ಕೇಸ್‌ಗೆ (ಗುಂಡಿನ ಹಿತ್ತಾಳೆ ಕೊಳವೆ) ಮತ್ತೆ ಮದ್ದು, ಬುಲೆಟ್ ತುಂಬೋಕೆ, ಒಂದು ಸಲಕ್ಕೆ ಒಂದೇ ಹಂತ ಮಾಡೋ ಸಿಂಗಲ್ ಸ್ಟೇಜ್ ಪ್ರೆಸ್ ಸಾಕಾ, ಎಲ್ಲ ಹಂತ ಒಟ್ಟಿಗೆ ಮಾಡೋ ಪ್ರೊಗ್ರೆಸಿವ್ ಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸಿಂಗಲ್ ಸ್ಟೇಜೇ ತಗೊಂಡೆ.

ಕಾರಣ ಕೇಸ್‌ನಲ್ಲೇ ಇದೆ. .38 ಸ್ಪೆಷಲ್ ಹುಟ್ಟಿದ್ದು ಕಪ್ಪು ಮದ್ದಿನ ಕಾಲದಲ್ಲಿ, ಕೇಸ್ ಉದ್ದ. ಈಗಿನ ಹೊಗೆರಹಿತ ಪೌಡರ್ ತಳದಲ್ಲಿ ಸ್ವಲ್ಪವೇ ಕೂರುತ್ತೆ. ತಪ್ಪಿ ಎರಡು ಸಲ ಸುರಿದರೂ ಹೊರಗೆ ಚೆಲ್ಲಲ್ಲ, ಗನ್ ಒಡೆಯಬಹುದು. ಸಿಂಗಲ್ ಸ್ಟೇಜ್‌ನಲ್ಲಾದರೆ ಪೌಡರ್ ಹಾಕಿದ 50 ಕೇಸ್ ಲೋಡಿಂಗ್ ಬ್ಲಾಕ್‌ನಲ್ಲಿ (ತೂತುಗಳಿರೋ ಹಲಗೆ) ನಿಲ್ಲಿಸಿ ಟಾರ್ಚ್ ಬಿಟ್ಟರೆ ಮಟ್ಟದ ವ್ಯತ್ಯಾಸ ಕಣ್ಣಿಗೆ ಬೀಳುತ್ತೆ. ಬುಲೆಟ್ ಕೂರಿಸೋದು ಆಮೇಲೆ.

ಡೈ ಸೆಟ್ (ಪ್ರೆಸ್‌ಗೆ ಹಾಕೋ, ಕೇಸ್‌ಗೆ ಆಕಾರ ಕೊಡೋ ಅಚ್ಚುಗಳು) ತುಂಬಾ ಗಟ್ಟಿಯಾದ ಕಾರ್ಬೈಡ್‌ದೇ ಇರಲಿ, ನೇರ ಕೇಸ್‌ಗೆ ಲ್ಯೂಬ್ (ಜಾರೋ ಎಣ್ಣೆ) ಹಚ್ಚೋ ಕೆಲಸ ತಪ್ಪುತ್ತೆ. ಕೇಸ್ ಬಾಯಿ ಕಡಿಮೆ ಅಗಲಿಸಿದರೆ ಸೀಸದ ಬುಲೆಟ್ ಕೆರೆಯುತ್ತೆ, ಜಾಸ್ತಿಯಾದರೆ ಬಾಯಿ ಬೇಗ ಸೀಳುತ್ತೆ. ಬೀಮ್ ತಕ್ಕಡಿ, ಚೆಕ್ ವೇಟ್ (ತಕ್ಕಡಿ ಸರಿ ಇದೆಯಾ ನೋಡೋ ತೂಕದ ಬಟ್ಟು), ಕ್ಯಾಲಿಪರ್ (ಕೇಸ್ ಉದ್ದ ಗರಿಷ್ಠ 1.155 ಇಂಚು), ಹೊಸ ಮ್ಯಾನುಯಲ್: ಇವುಗಳಲ್ಲಿ ಉಳಿತಾಯ ಬೇಡ. ಪೌಡರ್ ಪ್ರಮಾಣ ಮ್ಯಾನುಯಲ್‌ನ ಸ್ಟಾರ್ಟಿಂಗ್ ಲೋಡ್‌ನಿಂದಲೇ (ಅದರಲ್ಲಿ ಕೊಟ್ಟ ಆರಂಭದ ಕಡಿಮೆ ಪ್ರಮಾಣ) ಶುರು.

ಊರಿನಿಂದ ಕೇಳಿದವರಿಗೆ: ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಆಯುಧ ಕಾಯ್ದೆಯಡಿ ಅಪರಾಧ.