ಅಮ್ಮನ ಇಳಕಲ್ ಸೀರೆಗಳಲ್ಲಿ ಸಾಧಕಿಯರ ಕೌದಿ: ನಾನೇ ಹೊಲೀಲಾ, ಹೊರಗೆ ಕೊಡಲಾ?

ಕೊಥ್ರೂಡ್ ಕನ್ನಡತಿ: ಅಮ್ಮನ 5 ಹಳೇ ಇಳಕಲ್ ಸೀರೆ ಟ್ರಂಕಿನಲ್ಲಿವೆ. ಸಾವಿತ್ರಿಬಾಯಿ ಫುಲೆ, ಪಂಡಿತಾ ರಮಾಬಾಯಿ, ಡಾಕ್ಟರ್ ಆನಂದಿಬಾಯಿ ಜೋಶಿ ಮೂವರೂ ಇರುವ, ಗೋಡೆಗೆ ತೂಗುಹಾಕುವ ಕೌದಿ ಮಾಡುವ ಆಸೆ. ಜನವರಿ 3ಕ್ಕೆ, ಸಾವಿತ್ರಿಬಾಯಿ ಹುಟ್ಟಿದ ದಿನ, ಸೊಸೈಟಿ ಹಾಲ್‌ನಲ್ಲಿ ಹಾಕಬೇಕು. 3 ತಿಂಗಳಿದೆ. ಬಜೆಟ್ 8,000. ನನಗೆ ಬೆನ್ನುನೋವು ಬೇರೆ. ಮಾಡಿದವರು ಅನುಭವ ಹೇಳಿ.

ಡೊಂಬಿವಲಿ ಅತ್ತೆ: ನಾನು ಹೊರಗೆ ಕೊಟ್ಟು ಕೈ ಸುಟ್ಟುಕೊಂಡವಳು. ಲೆಕ್ಕ ಕೇಳಿ. ಕೌದಿ ಹೊಲಿಗೆಗೆ 4,500. ಮುಖಗಳಿಗೆ ಕಂಪ್ಯೂಟರ್ ಎಂಬ್ರಾಯಿಡರಿ, ಒಂದಕ್ಕೆ 1,200ರಂತೆ 3,600. ಅಸ್ತರು 780. ದಾದರ್‌ಗೆ ಓಡಾಡಿದ ರಿಕ್ಷಾ, ಲೋಕಲ್ ಬಿಟ್ಟುಬಿಡಿ. ಕೊನೆಗೆ ಗಾಜಿನ ಫ್ರೇಮು 5,600. ಒಟ್ಟು 14,480. ಇಷ್ಟು ಸುರಿದು ಮನೆಗೆ ತಂದರೆ ಸಾವಿತ್ರಿಬಾಯಿ ಥೇಟ್ ನಮ್ಮೆಜಮಾನರ ದೊಡ್ಡಪ್ಪನ ಹಾಗೆ! ಮೀಸೆ ಒಂದಿಲ್ಲ. ಅಂಗಡಿಯವನನ್ನು ಕೇಳಿದರೆ, "ನೀವು ಕೊಟ್ಟ ಫೋಟೋನೇ ಮಸುಕು" ಎಂದ. ಮಳೆಗಾಲದಲ್ಲಿ ಗಾಜಿನೊಳಗೆ ಬೂಸು ಬಂತು. ಫ್ರೇಮು ಬಿಚ್ಚಿಸಲು ಮತ್ತೆ 400. ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ, ಹೊಟ್ಟೆ ಉರಿಯುತ್ತದೆ.

ಮಾಟುಂಗಾ ಸೂಜಿ: ಕಂಪ್ಯೂಟರ್‌ಗೆ ಕೊಟ್ಟ ಮೇಲೆ ಅತ್ತು ಏನು ಉಪಯೋಗ? ನಾನು ಧಾರವಾಡದವಳು, ಕಸೂತಿಯಲ್ಲೇ ಮಾಡಿದೆ. ಎಳೆ ಎಣಿಸಿ, ಗಂಟು ಹಾಕದೆ. ಮೊದಲೇ ಹೇಳುತ್ತೇನೆ, ಕಸೂತಿಯಲ್ಲಿ ಮುಖ ಬರುವುದಿಲ್ಲ. ಅದರ ಗವಂತಿ, ಮುರ್ಗಿ ಹೊಲಿಗೆ ಎರಡೂ ನೇರ ಗೆರೆ, ಓರೆ ಗೆರೆ. ಕೆನ್ನೆ ಎಲ್ಲಿಂದ ಬರಬೇಕು? ಅದಕ್ಕೆ ಸಾವಿತ್ರಿಬಾಯಿಯ ಬದಲು ಅವರ ಸೀರೆ ಮಾಡಿದೆ. ಪಾಠ ಹೇಳಲು ಹೋಗುವಾಗ ಜನ ಸಗಣಿ, ಕೆಸರು ಎಸೆಯುತ್ತಿದ್ದರು, ಅವರು ಚೀಲದಲ್ಲಿ ಇನ್ನೊಂದು ಸೀರೆ ಒಯ್ಯುತ್ತಿದ್ದರು ಅಲ್ವಾ, ಆ ಮಡಿಸಿದ ಸೀರೆ. ಕೆಳಗೆ 1848, ಪುಣೆಯ ಭಿಡೇ ವಾಡಾದಲ್ಲಿ ಅವರ ಹೆಣ್ಣುಮಕ್ಕಳ ಶಾಲೆ ಶುರುವಾದ ವರ್ಷ. ಒಂದು ಗೇಣು ಚೌಕಕ್ಕೆ 7 ವಾರ ಹಿಡಿಯಿತು. ನಡುವೆ ಒಂದೇ ಒಂದು ಎಳೆ ತಪ್ಪಿತು. ಗೊತ್ತಾಗಿದ್ದು 11 ದಿನದ ಮೇಲೆ. ಅಷ್ಟೂ ಬಿಚ್ಚಿದೆ. ದಾರಕ್ಕೆ 640 ಆಯಿತು, ಹೊಸ ಕನ್ನಡಕಕ್ಕೆ 3,200.

ಡೊಂಬಿವಲಿ ಅತ್ತೆ: ಒಂದು ಗೇಣಿಗೆ 7 ವಾರ! ಅವರು ಕೇಳಿದ್ದು ಮೂವರ ಕೌದಿ, ಇರುವುದು 3 ತಿಂಗಳು. ಪುರುಸೊತ್ತಿದ್ದವರ ಮಾತು ಬಿಡಿ.

ಮಾಟುಂಗಾ ಸೂಜಿ: ಪುರುಸೊತ್ತಾ? ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಆಮೇಲೆ ಕೂತು ಹಾಕಿದ್ದೇನೆ ರೀ. ದುಡ್ಡು ಕೊಟ್ಟು ಮಾಡಿಸಿದ್ದನ್ನು ನಾನು ನನ್ನ ಕಲೆ ಎನ್ನುವುದಿಲ್ಲ.

ಪಿಂಪ್ರಿ ಪದ್ದಕ್ಕ: ಇಬ್ಬರೂ ಸೀರೆಯ ಬಗ್ಗೆ ಏನೂ ಹೇಳಲಿಲ್ಲ. ಇಳಕಲ್ ಸೆರಗಿನ ಕೆಂಪು ಬಣ್ಣ ಬಿಡುತ್ತದೆ ತಾಯಿ! ನನ್ನದು ಪೂರ್ತಿ ಕೈಹೊಲಿಗೆ. ದಿನಕ್ಕೆ 2 ತಾಸಿನಂತೆ 4 ತಿಂಗಳು. ಆನಂದಿಬಾಯಿಗೆ ಬಿಳಿ ಚೌಕ ಇಟ್ಟು 1886 ಎಂದು ಹಾಕಿದ್ದೆ, ಫಿಲಡೆಲ್ಫಿಯಾದಲ್ಲಿ ಡಾಕ್ಟರಾದ ವರ್ಷ. ಮುಗಿದ ಖುಷಿಗೆ ಒಮ್ಮೆ ನೀರಿಗೆ ಹಾಕಿದೆ. ಪಕ್ಕದ ಕೆಂಪು ಹರಿದು ಕೊನೆಯ 6 ಹೋಗಿ 0 ಆಯಿತು. ಹುಡುಗಿ ಹದಿನೈದಕ್ಕೇ ಡಾಕ್ಟರ್! ಉಪ್ಪು, ವಿನೆಗರ್ ಎಲ್ಲ ನೋಡಿದೆ, ಹೋಗಲಿಲ್ಲ. ಇನ್ನೊಂದು, ಮೈ ಹತ್ತಿ, ಸೆರಗು ರೇಷ್ಮೆ. ಹತ್ತಿ ಕುಗ್ಗಿತು, ರೇಷ್ಮೆ ಕುಗ್ಗಲಿಲ್ಲ. ಕೌದಿ ಹಪ್ಪಳದ ಹಾಗೆ ಮುದುಡಿತು. ಮೂರೂವರೆ ಕಿಲೋ ತೂಕ, ಮೊಳೆಗೆ ಹಾಕಿದರೆ ನಡುವೆ ಜೋತು ಬಿತ್ತು. ಹಿಂದೆ ಉದ್ದಕ್ಕೂ ಬಟ್ಟೆಯ ನಾಳ ಹೊಲಿದು ಕೋಲು ತೂರಿಸಿದ ಮೇಲೆ ನಿಂತಿತು. ಆದರೂ ಅದು ನನ್ನ ಕೈಯದು. ಯಾರಿಗೂ ಕೊಡುವುದಿಲ್ಲ.

ಗೋರೆಗಾಂವ್ ಗೌಡ್ತಿ: ಅಮ್ಮನ ಇಳಕಲ್‌ಗೆ ಕತ್ತರಿ ಹಾಕುತ್ತೀರಾ? ತೋಪ್ ತೆನಿ ಹಾಕಿ ಸೆರಗು ಜೋಡಿಸಿದ ಸೀರೆ ಅದು, ಮೈಯ ಎಳೆ ಸೆರಗಿನ ಎಳೆಗೆ ಕೊಂಡಿ. ನಾನೂ ಹೀಗೇ ಒಂದು ಕತ್ತರಿಸಿದೆ. 6 ವರ್ಷವಾಯಿತು, ಈಗಲೂ ಟ್ರಂಕು ತೆರೆಯಲು ಮನಸ್ಸಾಗುವುದಿಲ್ಲ.

ಪಿಂಪ್ರಿ ಪದ್ದಕ್ಕ: ಹಳೇ ಸೀರೆಯಲ್ಲದೆ ಕೌದಿಯನ್ನು ಹೊಸ ತಾನಿನಲ್ಲಿ ಹೊಲಿಯುತ್ತಾರಾ? ನಮ್ಮಜ್ಜಿ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಚೂರು ರೊಟ್ಟಿ ಇಡುತ್ತಿದ್ದರು, ಕೌದಿಯ ಹೊಟ್ಟೆ ತುಂಬಿರಲಿ ಎಂದು. ಟ್ರಂಕಿನಲ್ಲಿ ಇಟ್ಟರೆ ಹುಳದ ಹೊಟ್ಟೆ ತುಂಬುತ್ತದೆ.

ಮುಲುಂದ್ ಮಾಮ: ನಡುವೆ ಬರುತ್ತಿದ್ದೇನೆ, ಬೇಜಾರಾಗಬೇಡಿ. ರಮಾಬಾಯಿಗೆ ಇಳಕಲ್ಲೇ ಸರಿ. ಅವರು ನಮ್ಮವರು. 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ.

ಡೊಂಬಿವಲಿ ಅತ್ತೆ: ಹುಟ್ಟಿದ ಕೂಡಲೇ ನಮ್ಮವರಾ? ಮನೆಮಾತು ಮರಾಠಿ. ವಿಧವೆಯರಿಗೆಂದು ಶಾರದಾ ಸದನ ಶಾಲೆ ತೆರೆದದ್ದು 1889ರಲ್ಲಿ ಇದೇ ಮುಂಬೈಯಲ್ಲಿ, ಆಮೇಲೆ ಪುಣೆಗೆ ಒಯ್ದರು. ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಅವರೇ ಕಟ್ಟಿದ ಆಶ್ರಮ ಮುಕ್ತಿ ಸದನ ಯಾವ ಘಟ್ಟದಲ್ಲಿದೆ?

ಮುಲುಂದ್ ಮಾಮ: ಹಾಗೆ ನೋಡಿದರೆ 40 ವರ್ಷದಿಂದ ಮುಲುಂದ್‌ನಲ್ಲಿರುವ ನಾನೂ ಕನ್ನಡಿಗನಲ್ಲ!

ಮಾಟುಂಗಾ ಸೂಜಿ: ಮಾಮ, ನೀವು ಸೂಜಿ ಹಿಡಿದಿದ್ದೀರಾ?

ಮುಲುಂದ್ ಮಾಮ: ಶರ್ಟಿನ ಗುಂಡಿ ನಾನೇ ಹೊಲಿಯುತ್ತೇನೆ.

ಗೋರೆಗಾಂವ್ ಗೌಡ್ತಿ: ಕೌದಿ ಹೊಲಿಯುವ ಹೆಂಗಸಿಗೆ 4,500 ಕೊಟ್ಟು ಫ್ರೇಮಿಗೆ 5,600 ಸುರಿದವರು ಸಾವಿತ್ರಿಬಾಯಿ ಹೆಸರು ಎತ್ತುತ್ತಾರಲ್ಲ, ಅದು ನನಗೆ ಅರ್ಥವಾಗಲಿಲ್ಲ.

ಡೊಂಬಿವಲಿ ಅತ್ತೆ: ಅವರು ಕೇಳಿದಷ್ಟು ಕೊಟ್ಟಿದ್ದೇನೆ. ಮೇಲೆ ದೀಪಾವಳಿಗೆ ಸೀರೆ, ಒಂದು ಡಬ್ಬ ಚಕ್ಕುಲಿ. ನೀವು ನಿಮ್ಮ ಕೆಲಸದವಳಿಗೆ ಎಷ್ಟು ಕೊಡುತ್ತೀರಿ? ಇಲ್ಲೇ ಬರೆಯಿರಿ.

ಕೊಥ್ರೂಡ್ ಕನ್ನಡತಿ: ಜಗಳ ನಿಲ್ಲಿಸಿ ಅಕ್ಕಂದಿರೇ. ಹೊರಗೆ ಕೊಡುವುದಿಲ್ಲ. ನಿನ್ನೆ ರಾತ್ರಿ ಒಂದು ಸೀರೆ ಕತ್ತರಿಸಿಬಿಟ್ಟೆ.

ಗೋರೆಗಾಂವ್ ಗೌಡ್ತಿ: ಯಾವುದು? ಸೆರಗು ಬಿಟ್ಟಿದ್ದೀರಾ?

ಪಿಂಪ್ರಿ ಪದ್ದಕ್ಕ: ಒಗೆದು ಕತ್ತರಿಸಿದಿರಾ, ಒಗೆಯದೇನಾ?