ಸಂಜೆ ಮೀನು ಮೇಲೇಳುತ್ತವೆ, ನನ್ನ ಡ್ರೈ ಫ್ಲೈಯನ್ನು ಮಾತ್ರ ಮುಟ್ಟುವುದಿಲ್ಲ (ತುಂಗಭದ್ರೆ, ಹರಿಹರದ ಮೇಲ್ಭಾಗ)

ಹೊಳೆದಂಡೆ_ಹರಿಹರ:
ಮಾನ್ಯರೇ, ಮೂರು ವಾರಗಳಿಂದ ತಲೆ ಕೆಟ್ಟುಹೋಗಿದೆ. ಬೇಸಿಗೆಗೆ ಹೊಳೆ ಇಳಿದು, ಬಂಡೆಗಳ ನಡುವೆ ಮೊಣಕಾಲುದ್ದದ ತಿಳಿನೀರು ಸಣ್ಣಗೆ ಹರಿಯುತ್ತಿದೆ. ಆರೂವರೆಯಿಂದ ಕತ್ತಲಾಗುವವರೆಗೆ ಗೆಂಡೆ ಮೀನುಗಳು ಕಣ್ಣೆದುರಿಗೇ ಮೇಲೆ ಬಂದು ನೀರಿನಲ್ಲಿ ಉಂಗುರ ಮೂಡಿಸುತ್ತವೆ. ನಾನು ಹಾಕುವ 14ನೇ ನಂಬರಿನ ಪ್ಯಾರಾಶೂಟ್ ಆಡಮ್ಸ್ (ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ, ನೀರಿನ ಮೇಲೆ ತೇಲುವ ಡ್ರೈ ಫ್ಲೈ) ಅವುಗಳ ತಲೆಯ ಮೇಲೆಯೇ ತೇಲಿಹೋದರೂ ಒಂದೂ ಬಾಯಿ ಹಾಕುವುದಿಲ್ಲ. ಇಳಿದ ನೀರಿನಲ್ಲಿ ಟ್ರೌಟ್ ಮೀನು ಹಿಡಿಯುವವರು ಏನೇನು ಮಾಡಬೇಕೆನ್ನುತ್ತಾರೋ ಅದೆಲ್ಲವನ್ನೂ ಮಾಡಿದ್ದೇನೆ. ಕೋಲು, ರೀಲು ಸರಿಯಾಗಿಯೇ ಇವೆ. ತಪ್ಪು ಎಲ್ಲಿದೆ?

ಕೋಟೆನಾಡಿನವ:
ನಿಮ್ಮ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ಕೊನೆಯ ಸಣ್ಣ ದಾರ, ದಪ್ಪವಾಗಿದೆ. ಬೇರೆ ಕಾರಣ ಹುಡುಕಬೇಕಾಗಿಲ್ಲ. ದಾರದ ಅಳತೆಯಾದ ಎಕ್ಸ್ ಸಂಖ್ಯೆಯನ್ನು 11ರಿಂದ ಕಳೆದರೆ ಇಂಚಿನ ಸಾವಿರದ ಲೆಕ್ಕದಲ್ಲಿ ದಾರದ ದಪ್ಪ ಸಿಗುತ್ತದೆ. 4ಎಕ್ಸ್ ಎಂದರೆ ಇಂಚಿನ ಸಾವಿರ ಭಾಗದಲ್ಲಿ ಏಳು, ಅಂದರೆ 0.18 ಮಿಲಿಮೀಟರ್. ತಿಳಿನೀರಿನಲ್ಲಿ ಅದು ಮೀನಿಗೆ ಹಗ್ಗದಂತೆ ಕಾಣುತ್ತದೆ. 6ಎಕ್ಸ್‌ಗೆ ಇಳಿಯಿರಿ.

ಹೊಳೆದಂಡೆ_ಹರಿಹರ:
ಕಳೆದ ವಾರದಿಂದ 6ಎಕ್ಸ್ ಅನ್ನೇ ಕಟ್ಟುತ್ತಿದ್ದೇನೆ. ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಬರೆಯಲಿಲ್ಲ.

ಕೋಟೆನಾಡಿನವ:
ಹಾಗಿದ್ದರೆ 7ಎಕ್ಸ್ ಕಟ್ಟಿ. ಮಾರಿಕಣಿವೆಯ ಹಿನ್ನೀರಿನಲ್ಲಿ ನಾನು ಅದಕ್ಕಿಂತ ದಪ್ಪದ ದಾರವನ್ನು ಮುಟ್ಟುವುದೇ ಇಲ್ಲ. ನನ್ನದು ಎಂಟೂವರೆ ಅಡಿಯ, 4 ವೆಯ್ಟ್‌ನ ಹಗುರ ಕೋಲು. ಅದರ ತುದಿ ಎಷ್ಟು ಮೃದುವೆಂದರೆ ದೊಡ್ಡ ಮೀನು ಎಳೆದರೂ ಸಣ್ಣ ದಾರ ಹರಿಯುವುದಿಲ್ಲ.

ಬೆಣ್ಣೆದೋಸೆ_ದಾವಣಗೆರೆ:
ದಾರದ ಮಾತು ಹಾಗಿರಲಿ, ತಾವು ಹೋಗುವ ಹೊತ್ತೇ ಸರಿಯಿಲ್ಲವೇನೋ. ಸಂಜೆ ನೀರು ತಂಪಾಗುವುದರಿಂದಲೇ ಮೀನು ಮೇಲೆ ಬರುತ್ತವೆ ಎಂದು ಕೇಳಿದ್ದೇನೆ. ನಮ್ಮ ಬಿಸಿಲಿಗೆ ಕಾದ ಹೊಳೆ ಆರೂವರೆಗೆ ಎಲ್ಲಿ ತಂಪಾಗುತ್ತದೆ? ಇನ್ನೂ ತಡವಾಗಿ ಹೋಗಿ ನೋಡಿ.

ನೀರುಕಾಗೆ:
ಕ್ಷಮಿಸಿ, ಮೊದಲಿಗೆ ಒಂದು ತಿದ್ದುಪಡಿ. ಹೊಳೆಯ ನೀರು ಹೆಚ್ಚು ಬಿಸಿಯಾಗಿರುವುದೇ ಇಳಿಹೊತ್ತಿನಲ್ಲಿ, ಅತಿ ತಂಪಾಗಿರುವುದು ಬೆಳಗಿನ ಜಾವದಲ್ಲಿ. ಸಂಜೆ ಮೀನು ಮೇಲೇಳಲು ಕಾರಣ ತಂಪಲ್ಲ. ಆ ಹೊತ್ತಿಗೆ ಹುಳುಗಳು ನೀರಿನಿಂದ ಹೊರಬರುತ್ತವೆ, ಬೆಳಕು ಕುಗ್ಗಿದ್ದರಿಂದ ಮೀನಿನ ಅಂಜಿಕೆಯೂ ಕುಗ್ಗುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಗಾಳ ಮಡಚಿಡಬೇಕೆಂಬುದು ತಣ್ಣೀರಿನ ಟ್ರೌಟ್‌ಗೆ ಅನ್ವಯಿಸುವ ಎಚ್ಚರಿಕೆ, ನಮ್ಮ ಗೆಂಡೆಗಲ್ಲ.

ಹೊಳೆದಂಡೆಯವರಿಗೆ ಎರಡು ಪ್ರಶ್ನೆಗಳು. ಉಂಗುರ ಮೂಡಿದಾಗ ನಡುವೆ ಗಾಳಿಗುಳ್ಳೆ ಉಳಿಯುತ್ತದೆಯೇ? ತೇಲಿಸುವ ಗ್ರೀಸನ್ನು ಎಲ್ಲೆಲ್ಲಿ ಹಚ್ಚುತ್ತೀರಿ?

ಹೊಳೆದಂಡೆ_ಹರಿಹರ:
ಗುಳ್ಳೆಯನ್ನು ಗಮನಿಸಿರಲಿಲ್ಲ, ಇವತ್ತು ಅದಕ್ಕೆಂದೇ ಹೋಗಿ ಗಾಳ ಹಾಕದೆ ದಡದಲ್ಲಿ ಕುಳಿತು ನೋಡಿದೆ. ಗುಳ್ಳೆ ಇಲ್ಲ. ಮೊದಲು ಬೆನ್ನು, ಆಮೇಲೆ ಬಾಲದ ತುದಿ ಕಾಣುತ್ತವೆ, ಅಷ್ಟೇ. ಗ್ರೀಸನ್ನು ಫ್ಲೈಗೂ ಟಿಪ್ಪೆಟ್‌ಗೂ ಪೂರ್ತಿ ಹಚ್ಚುತ್ತೇನೆ. ಡ್ರೈ ಫ್ಲೈ ತೇಲಬೇಕಲ್ಲವೇ?

ನೀರುಕಾಗೆ:
ಫ್ಲೈ ತೇಲಬೇಕು, ದಾರ ತೇಲಬಾರದು. ನಿಮ್ಮ ತೊಂದರೆ ಇದೇ ಎಂದು ನನಗೆ ತೋರುತ್ತದೆ.

ಮೀನು ಮೇಲ್ಮೈಯ ಹುಳುವನ್ನು ನುಂಗುವಾಗ ಅದರೊಡನೆ ಗಾಳಿಯನ್ನೂ ಎಳೆದುಕೊಂಡು ಕಿವಿರಿನಿಂದ ಹೊರಬಿಡುವುದರಿಂದ ಗುಳ್ಳೆ ಉಳಿಯುತ್ತದೆ. ಬೆನ್ನು, ಬಾಲ ಮಾತ್ರ ಕಂಡು ಗುಳ್ಳೆ ಕಾಣದಿದ್ದರೆ, ಅವು ತಿನ್ನುತ್ತಿರುವುದು ಮೇಲ್ಮೈಗೆ ಒಂದೆರಡು ಬೆರಳು ಕೆಳಗಿರುವುದನ್ನು. ಬಹುಶಃ ಕೋಶದಿಂದ ಬಿಡಿಸಿಕೊಳ್ಳುತ್ತ ನೀರಿನ ಪೊರೆಗೆ ಜೋತುಬಿದ್ದ ನೊರಜುಗಳನ್ನು. ನಿಮ್ಮ 14ನೇ ನಂಬರಿನ ಆಡಮ್ಸ್ ಅವುಗಳೆದುರು ಗಾತ್ರದಲ್ಲಿ ದೊಡ್ಡದು, ಎತ್ತರದಲ್ಲೂ ಮೇಲೆಯೇ ಉಳಿದುಬಿಡುತ್ತದೆ. ಅದರ ಜೊತೆಗೆ ಗ್ರೀಸ್ ಹಚ್ಚಿದ ದಾರ ನೀರಿನ ಪೊರೆಯನ್ನು ಉದ್ದಕ್ಕೂ ಒತ್ತಿ ಗೆರೆ ಮೂಡಿಸುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಆ ಗೆರೆಯ ನೆರಳು ತಳದ ಮರಳಿನ ಮೇಲೂ ಹರಿದಾಡುತ್ತದೆ. ದಾರ ಎಷ್ಟು ಸಣ್ಣದಾದರೂ ಈ ಗೆರೆ ಹೋಗುವುದಿಲ್ಲ.

ಮುಲ್ತಾನಿ ಮಿಟ್ಟಿಗೆ ಪಾತ್ರೆ ತೊಳೆಯುವ ದ್ರವವನ್ನು ಎರಡು ಹನಿ ಬೆರೆಸಿ, ಉಂಡೆ ಮಾಡಿ, ಟಿಪ್ಪೆಟ್‌ನ ಕೊನೆಯ ಮೂರು ಅಡಿಗೆ ತಿಕ್ಕಿರಿ, ದಾರ ಮುಳುಗುತ್ತದೆ. ಫ್ಲೈ 18ನೇ ನಂಬರಿನದಿರಲಿ, ನಂಬರು ಏರಿದಂತೆ ಗಾತ್ರ ಚಿಕ್ಕದಾಗುತ್ತದೆ. ಅದರ ಎದೆಭಾಗಕ್ಕೆ ಮಾತ್ರ ಗ್ರೀಸ್ ಹಚ್ಚಿದರೆ ಹಿಂಭಾಗ ನೀರಿನೊಳಗೆ ಇಳಿಬೀಳುತ್ತದೆ.

ಕೋಟೆನಾಡಿನವ:
ಟ್ರೌಟ್‌ಗೆ ಹೇಳಿದ್ದೆಲ್ಲ ತುಂಗಭದ್ರೆಗೆ ಹೊಂದುವುದಿಲ್ಲವೆಂದು ತಾವೇ ಹೇಳಿ, ಈಗ ಟ್ರೌಟ್‌ನವರ ಉಪಾಯವನ್ನೇ ಕೊಡುತ್ತಿದ್ದೀರಿ.

ನೀರುಕಾಗೆ:
ಹೊಂದದು ಎಂದದ್ದು ನೀರಿನ ಬಿಸಿಯ ವಿಷಯದಲ್ಲಿ. ನೀರಿನ ಪೊರೆ ಟ್ರೌಟ್ ಸಿಗುವ ಹಿಮಾಚಲದ ತೀರ್ಥನ್ ನದಿಯಲ್ಲೂ ಒಂದೇ, ಹರಿಹರದಲ್ಲೂ ಒಂದೇ.

ಬೆಣ್ಣೆದೋಸೆ_ದಾವಣಗೆರೆ:
ಮುಲ್ತಾನಿ ಮಿಟ್ಟಿ ನಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚಲು ಇಟ್ಟದ್ದಿದೆ. ತೆಗೆದುಕೊಂಡರೆ ನನಗೆ ಊಟ ಸಿಗುವುದಿಲ್ಲ. ಹೊಳೆಯ ಜೇಡಿಮಣ್ಣು ನಡೆಯುತ್ತದೆಯೇ?

ನೀರುಕಾಗೆ:
ನಡೆಯುತ್ತದೆ, ಆದರೆ ಮರಳಿನ ಕಣ ಇರಬಾರದು, ದಾರ ತರಚುತ್ತದೆ.

ಹೊಳೆದಂಡೆ_ಹರಿಹರ:
ಶನಿವಾರ ಹೇಳಿದಂತೆಯೇ ಮಾಡಿದೆ. ಬಂಡೆಯ ಹಿಂದೆ ಮಂಡಿಯೂರಿ ಕುಳಿತು, ಏಳು ಗಂಟೆಯೊಳಗೆ ಗೇಣುದ್ದದ ಎರಡು ಗೆಂಡೆ ಹಿಡಿದು ಬಿಟ್ಟೆ. ಮೂರನೆಯದು ಹತ್ತಿರಕ್ಕೆ ಬಂದು, ಫ್ಲೈಯ ಜೊತೆಗೇ ಒಂದು ಮಾರು ಕೆಳಕ್ಕೆ ತೇಲಿ, ಬಾಯಿ ಹಾಕದೆ ತಿರುಗಿತು. ಅದೇಕೆ ಎಂದು ಇನ್ನೂ ತಿಳಿದಿಲ್ಲ.

ಕೋಟೆನಾಡಿನವ:
ಟಿಪ್ಪೆಟ್ ಯಾವುದು?

ಹೊಳೆದಂಡೆ_ಹರಿಹರ:
ಅದೇ 6ಎಕ್ಸ್.

ಕೋಟೆನಾಡಿನವ:
7ಎಕ್ಸ್ ಆಗಿದ್ದರೆ ಮೂರನೆಯದೂ ಸಿಗುತ್ತಿತ್ತು.

ಹೊಳೆದಂಡೆ_ಹರಿಹರ:
ಪರೀಕ್ಷಿಸಿ ನೋಡೋಣವೆಂದು ಭಾನುವಾರ 7ಎಕ್ಸ್ ಕಟ್ಟಿಕೊಂಡೇ ಹೋಗಿದ್ದೆ. ರಾತ್ರಿ ಮೇಲೆಲ್ಲೋ ಮಳೆ ಸುರಿದು ಹೊಳೆ ಕೆಂಪಾಗಿ ಏರಿತ್ತು. ಆ ಬಂಡೆಯೇ ಕಾಣಲಿಲ್ಲ.